ಹಿಮದ ದಾರಿಯವರ ಚೀಲ ಬಿಚ್ಚಿಸುತ್ತಿದ್ದ ಬೆಲೈದ

ಇಗ್ರಮಾನ್ ಊರಿನ ಕೊನೆಯ ಮನೆ ದಾಟಿದ ಮೇಲೆ ಒಂದು ಅಕ್ರೋಟದ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಬೆಲೈದ ಇಪ್ಪತ್ತೊಂಬತ್ತು ಚಳಿಗಾಲ ಕೂತ. ಹಿಮ ಬಿದ್ದ ದೊಡ್ಡ ಶಿಖರ ಹತ್ತಬೇಕೆಂದು ಮರ್ರಾಕೆಶ್‌ನಿಂದ, ಕಾಸಾಬ್ಲಾಂಕಾದಿಂದ, ಸಮುದ್ರದ ಆಚೆಯಿಂದ ಬಂದವರು ಯಾರೇ ಇರಲಿ, ಅವನ ಮುಂದೆ ಚೀಲ ಬಿಚ್ಚದೆ ಮುಂದಕ್ಕೆ ಹೆಜ್ಜೆ ಇಟ್ಟದ್ದಿಲ್ಲ. ಡಾಕ್ಟರು ಬಿಚ್ಚಿದ್ದಾರೆ, ನ್ಯಾಯಾಧೀಶರು ಬಿಚ್ಚಿದ್ದಾರೆ. ಒಬ್ಬ ಸೇನಾಧಿಕಾರಿ ಮೀಸೆ ಮೇಲೆ ಕೈಯಿಟ್ಟು, "ಮರುಭೂಮಿಯಲ್ಲಿ ಇನ್ನೂರು ಜನರನ್ನು ನಡೆಸಿದವನು ನಾನು," ಅಂದ.

"ಅಲ್ಲಿ ನಡೆಸಿ ಸ್ವಾಮಿ. ಇಲ್ಲಿ ದಾರ ಬಿಚ್ಚಿ," ಅಂದ ಬೆಲೈದ.

ಅಧಿಕಾರಿ ಬಿಚ್ಚಿದ. ಒಳಗೆ ಇಸ್ತ್ರಿ ಮಾಡಿದ ಎರಡು ಹತ್ತಿ ಅಂಗಿ, ಒಂದು ಜೊತೆ ಚರ್ಮದ ಚಪ್ಪಲಿ, ಬೂಟಿಗೆ ಹಚ್ಚುವ ಪಾಲಿಶಿನ ಡಬ್ಬಿ.

"ಮೇಲೆ ಹಿಮಕ್ಕೆ ಪಾಲಿಶು ಹಾಕ್ತೀರಾ?" ಅಂತ ಕೇಳಿದ ಬೆಲೈದ, ನಗದೆ. ಅವನು ನಗುತ್ತಿರಲಿಲ್ಲ. ನಗುವ ಕೆಲಸವನ್ನು ನನಗೆ ಬಿಟ್ಟಿದ್ದ.

ನಾನು ಅಲ್ಲೇ ಇರುತ್ತಿದ್ದೆ, ಯಾಕೆಂದರೆ ತಕ್ಕಡಿ ನನ್ನದು. ತಕ್ಕಡಿ ಅಂದರೆ ನನ್ನ ಹೇಸರಗತ್ತೆ. ಅದರ ಬೆನ್ನಿನ ಎರಡೂ ಪಕ್ಕಕ್ಕೆ ಜೋತುಬಿಟ್ಟ ಹುಲ್ಲಿನ ಹೆಡಿಗೆಯಲ್ಲಿ ಒಂದು ಕಡೆ ಜವೆಗೋಧಿಯ ಚೀಲ, ಇನ್ನೊಂದು ಕಡೆ ಬಂದವರ ಚೀಲ. ಹೆಡಿಗೆ ಕಟ್ಟಿದ ಹಗ್ಗದ ಒಂದು ತುದಿ ನನ್ನ ಕೈಲಿ, ಇನ್ನೊಂದು ಬೆಲೈದನ ಕೈಲಿ. ಹೆಡಿಗೆ ಜವೆಗೋಧಿಯ ಕಡೆ ವಾಲಿದರೆ ಸರಿ. ಬಂದವರ ಕಡೆ ವಾಲಿದರೆ ಸಾಮಾನು ಆಚೆಗೆ ಬರಬೇಕು. ಆ ಜವೆಗೋಧಿ ಹನ್ನೆರಡು ಕಿಲೋ. ಊರಿನಿಂದ ಎರಡು ಗಂಟೆ ದಾರಿಯವರೆಗೆ ಹೊರೆ ಕತ್ತೆಯ ಮೇಲೆ ಹೋಗುತ್ತದೆ. ಹಿಮ ಶುರುವಾಗುವ ಕಡೆ ಕತ್ತೆ ನಿಂತುಬಿಡುತ್ತದೆ, ಅದಕ್ಕೆ ಬುದ್ಧಿಯಿದೆ. ಅಲ್ಲಿಂದ ಮೇಲಕ್ಕೆ ಅವರವರ ಹೊರೆ ಅವರವರ ಬೆನ್ನಿಗೆ. ಹನ್ನೆರಡು ಕಿಲೋಗಿಂತ ಹೆಚ್ಚು ಹೊತ್ತು ಹಿಮದಲ್ಲಿ ನಡೆದ ಹೊಸಬನನ್ನು ನಮ್ಮ ಕಣಿವೆ ಕಂಡಿಲ್ಲ; ಹೊರುತ್ತೇನೆಂದು ಹೊರಟವರನ್ನು ಬೇಕಾದಷ್ಟು ಕಂಡಿದೆ.

ಆಚೆಗೆ ಬಂದದ್ದನ್ನೆಲ್ಲ ಬೆಲೈದ ತನ್ನ ಕೊಟ್ಟಿಗೆಯ ಮೊಳೆಗೆ ನೇತುಹಾಕುತ್ತಿದ್ದ. ಇಳಿದು ಬಂದವರು ಹಿಡಿದುಕೊಂಡು ಹೋಗಬೇಕು. ಫೆಸ್ ಊರಿನವನೊಬ್ಬ ಮಾಂಸ ಬೇಯಿಸುವ ಮಣ್ಣಿನ ಪಾತ್ರೆಯನ್ನು ಮುಚ್ಚಳದ ಸಮೇತ ತಂದಿದ್ದ. ಹೊಸದಾಗಿ ಮದುವೆಯಾದ ಹುಡುಗಿ ಕೂದಲು ಒಣಗಿಸುವ ಯಂತ್ರ ತಂದಿದ್ದಳು. ಹತ್ತುವವರು ರಾತ್ರಿ ತಂಗುವ ಮೇಲಿನ ಕಲ್ಲುಮನೆಯಲ್ಲಿ ದೀಪಕ್ಕೇ ಕರೆಂಟು ಅರ್ಧ ದಿನ ಇರುವುದಿಲ್ಲ. ಅವಳ ಗಂಡ ಛತ್ರಿ ತಂದಿದ್ದ. "ಹಿಮ ತಲೆ ಮೇಲೆ ಬೀಳುತ್ತಲ್ಲ," ಅಂದ. ಬೆಲೈದ ಛತ್ರಿಯನ್ನು ಬಿಡಿಸಿ, ಮಡಚಿ, ಮೊಳೆಗೆ ಹಾಕಿದ.

ತೆಗೆಯುವುದು ಅರ್ಧ ಕೆಲಸ. ಇಲ್ಲದ್ದನ್ನು ಕೇಳುವುದು ಇನ್ನರ್ಧ. ಅದನ್ನು ಅವನು ಹೇಳುತ್ತಿದ್ದ ಧಾಟಿ ನನಗೆ ಬಾಯಿಪಾಠ.

"ಮೈಗೆ ತಗಲೋದು ಉಣ್ಣೆ. ಅದರ ಮೇಲೆ ಬೆಚ್ಚನೇದು ಒಂದು. ಅದರ ಮೇಲೆ ಗಾಳಿ ತಡೆಯೋದು ಒಂದು. ಹತ್ತಿ ಅಂಗಿ, ಜೀನ್ಸು ಪ್ಯಾಂಟು ಕೊಟ್ಟಿಗೆಗೆ. ಅದು ಒದ್ದೆ ಆದ್ರೆ ಒಣಗಲ್ಲ, ಹಲಗೆ ಆಗುತ್ತೆ. ಹೊರಡುವಾಗ ಸ್ವಲ್ಪ ಚಳಿ ಆಗ್ತಿರ್ಬೇಕು ಮಗಳೇ. ಬೆಚ್ಚಗೆ ಹೊರಟೋರು ಬೆವರಿ ಸಾಯ್ತಾರೆ. ಕೈಗವಸು ಎರಡು ಜೊತೆ. ಒಂದು ಗಾಳಿಗೆ ಹೋಗುತ್ತೆ, ಹೋಗೇ ಹೋಗುತ್ತೆ. ಕಾಲುಚೀಲ ಮೂರು ಜೊತೆ, ಮೂರನೇದು ಮಲಗೋಕೆ ಮಾತ್ರ. ಒಣ ಬಟ್ಟೆ ಒಂದು ಸೆಟ್ಟು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಚೀಲದ ತಳಕ್ಕೆ. ಅದನ್ನ ಹಾಕ್ಕೊಂಡು ನಡೀಬೇಡ, ಎಷ್ಟೇ ಆಸೆ ಆದ್ರೂ. ಕಪ್ಪು ಕನ್ನಡಕ. ಇಲ್ವಾ? ಹಿಮದ ಬಿಸಿಲು ಕಣ್ಣಿಗೆ ಮರಳು ಸುರಿದ ಹಾಗೆ. ಹಣೆಗೆ ಕಟ್ಟೋ ಬ್ಯಾಟರಿ. ಅದರ ಸೆಲ್ಲು ಎದೆ ಹತ್ರ ಇಟ್ಕೊ, ಚಳಿಗೆ ಸತ್ತುಹೋಗುತ್ತೆ. ಬಿಸಿನೀರಿಗೆ ಫ್ಲಾಸ್ಕು. ಬಾಟಲಿ ಇದ್ರೆ ತಲೆಕೆಳಗೆ ಇಡು, ನೀರು ಮೇಲಿಂದ ಹೆಪ್ಪುಗಟ್ಟುತ್ತೆ, ಆಗ ಬಾಯಿ ಕಡೆ ನೀರಿರುತ್ತೆ. ಬೂಟಿನ ತಳಕ್ಕೆ ಕಟ್ಟೋ ಉಕ್ಕಿನ ಹಲ್ಲು ಎಲ್ಲಿ? ತೋರ್ಸು. ಕಟ್ಟಿ ನೋಡಿದ್ದೀಯಾ? ಇಲ್ಲೇ ಕಟ್ಟು, ನನ್ನ ಕಣ್ಣೆದುರಿಗೆ. ಮೇಲೆ ಬೆರಳು ಮರಗಟ್ಟಿದಾಗ ಕಲಿಯೋಕೆ ಆಗಲ್ಲ. ಹೊಸ ಬೂಟಾ? ಹೊಸ ಬೂಟು ಮದುವೆಗೆ ಹಾಕ್ಕೊ. ತಿನ್ನೋಕೆ ಬಾದಾಮಿ, ಅಂಜೂರ ಜೇಬಲ್ಲಿರಲಿ. ಚಾಕಲೇಟು ಅಲ್ಲಿ ಕಲ್ಲಾಗುತ್ತೆ. ಚೀಲದ ಹೊರಗೆ ಏನೂ ಜೋತಾಡ್ಬಾರ್ದು, ನೀನೇನು ಪಾತ್ರೆ ಮಾರೋಕೆ ಹೊರಟಿಲ್ಲ."

ಬೈಸಿಕೊಂಡವರು ಮೂರನೆಯ ದಿನ ಇಳಿದು ಬಂದು ಅವನ ಕೈ ಹಿಡಿದು ಮುತ್ತಿಡುತ್ತಿದ್ದರು. ಆಗಲೂ ಅವನು ಅವರ ಮುಖ ನೋಡುತ್ತಿರಲಿಲ್ಲ, ಚೀಲ ನೋಡುತ್ತಿದ್ದ. ಯಾವುದು ಒದ್ದೆಯಾಗಿ ಬಂತು, ಯಾವುದು ಮಡಿಕೆ ಬಿಚ್ಚದೆ ಬಂತು, ಯಾವುದು ಬರಲೇ ಇಲ್ಲ. ಅವನ ವಿದ್ಯೆಯೆಲ್ಲ ಅಲ್ಲಿಂದ ಬಂದದ್ದು. ಬೆಟ್ಟ ಹತ್ತಿ ಕಲಿತವನಲ್ಲ ಅವನು, ಇಳಿದು ಬಂದ ಚೀಲಗಳನ್ನು ಓದಿ ಕಲಿತವನು. ಕತ್ತೆ ನಿಲ್ಲುವ ಕಡೆಯಿಂದ ಮೇಲಕ್ಕೆ ಬೆಲೈದ ಚಳಿಗಾಲದಲ್ಲಿ ಒಂದೇ ಒಂದು ಸಲವೂ ಕಾಲಿಟ್ಟಿರಲಿಲ್ಲ. ಊರಿಗೆಲ್ಲ ಇದು ಗೊತ್ತಿತ್ತು, ಯಾರಿಗೂ ಇದರಲ್ಲಿ ವಿಶೇಷ ಕಂಡಿರಲಿಲ್ಲ. ಸೂಲಗಿತ್ತಿಗೆ ಮೊದಲು ನೀನು ಹೆತ್ತು ತೋರಿಸು ಅಂತ ಯಾರಾದರೂ ಅನ್ನುತ್ತಾರೆಯೇ?

ಅನ್ನುವವರು ಕೊನೆಗೆ ಸಿಕ್ಕರು. ನಾಲ್ಕು ಚಳಿಗಾಲದ ಹಿಂದೆ ನಮ್ಮ ಕಣಿವೆಯ ಮಾರ್ಗದರ್ಶಕರ ಸಂಘದವರು ಹೊಸ ಕಟ್ಟಡ ಕಟ್ಟಿದರು. ಕಟ್ಟಡಕ್ಕೆ ಗೋಡೆ ಬಂತು, ಗೋಡೆಗೆ ಏನಾದರೂ ತೂಗುಹಾಕಬೇಕಲ್ಲ, ನಿಯಮಗಳು ಬಂದವು. ಏಳನೆಯ ನಿಯಮ: ಹೊಸಬರ ಚೀಲ ಪರೀಕ್ಷೆ ಮಾಡುವವರು ಚಳಿಗಾಲದಲ್ಲಿ ಶಿಖರ ಹತ್ತಿದವರಾಗಿರಬೇಕು, ಜೊತೆಗೆ ಹೋದ ಮಾರ್ಗದರ್ಶಕರ ರುಜು ಬೇಕು. ಸಂಘದ ಅಧ್ಯಕ್ಷರು ಹಾಜಿ ಬುಜಮಾ. ಅವರೇ ಕಟ್ಟೆಗೆ ಬಂದು ಹೇಳಿದರು.

"ಬೆಲೈದ, ಬೇಸರ ಮಾಡ್ಕೋಬೇಡ. ಬರೀ ಕಾಗದದ ವಿಚಾರ. ಫೆಬ್ರವರಿ ಮುಗಿಯೋದ್ರೊಳಗೆ ಒಂದು ಸಲ ಹೋಗಿ ಬಂದುಬಿಡು."

"ಹಾಜಿಗಳೇ, ನನಗೆ ಅರವತ್ತೊಂದು."

"ಹೋದ ವಾರ ಎಪ್ಪತ್ತರ ಹೆಂಗಸು ಹತ್ತಿ ಬಂದ್ಳಲ್ಲ, ನೀನೇ ಬಿಟ್ಟಿದ್ದೆ."

"ಅವಳ ಚೀಲ ಚೆನ್ನಾಗಿತ್ತು," ಅಂದ ಬೆಲೈದ.

"ಹೋಗದಿದ್ರೆ ಕಟ್ಟೆ ತೂಡಾಗೆ ಕೊಡ್ಬೇಕಾಗುತ್ತೆ. ನನ್ನ ಕೈಲಿಲ್ಲ."

ತೂಡಾ ಬೆಲೈದನ ತಂಗಿಯ ಮಗಳು. ಇಪ್ಪತ್ತಾರು ವರ್ಷ, ಮಾರ್ಗದರ್ಶಕಿಯಾಗಿ ಪರೀಕ್ಷೆ ಪಾಸು ಮಾಡಿದವಳು, ಆ ಹೊತ್ತಿಗೆ ಶಿಖರವನ್ನು ನಲವತ್ತು ಸಲ ಹತ್ತಿದ್ದಳು. ಮೊದಲ ಸಲ ಹೊರಟಾಗ ಇದೇ ಕಟ್ಟೆಯ ಮೇಲೆ, ಇಡೀ ಊರಿನ ಎದುರು, ಅವಳ ಚೀಲದಿಂದ ಅವಳ ಮಾವ ಕಣ್ಣಿಗೆ ಹಚ್ಚುವ ಕಾಡಿಗೆಯ ಬುರುಡೆ ಎತ್ತಿ ಹಿಡಿದು, "ಇದು ಯಾವ ಹಿಮಕ್ಕೆ?" ಅಂತ ಕೇಳಿದ್ದ. ಅವಳು ಮರೆತಿರಲಿಲ್ಲ. ಮರೆತಿಲ್ಲ ಅಂತ ಹೇಳುತ್ತಲೂ ಇರಲಿಲ್ಲ.

ಕಟ್ಟೆ ಹೋದರೆ ಬೆಲೈದನಿಗೆ ಉಳಿಯುವುದು ಮೊಣಕಾಲು ನೋವೊಂದೇ. ಹೊಲವನ್ನು ಮಗ ನೋಡಿಕೊಳ್ಳುತ್ತಿದ್ದ, ಮನೆಯನ್ನು ಹೆಂಡತಿ ಇಜ್ಜಾ ನೋಡಿಕೊಳ್ಳುತ್ತಿದ್ದಳು, ಅವನನ್ನು ನೋಡುತ್ತಿದ್ದವರು ಕಟ್ಟೆಗೆ ಬರುವವರು ಮಾತ್ರ. ಹಾಜಿ ಬಂದು ಹೋದ ಮೂರನೆಯ ದಿನ ನನ್ನ ಕೊಟ್ಟಿಗೆಗೆ ಬಂದು, "ಗುರುವಾರ ಕತ್ತೆ ತಯಾರಿಡು," ಅಂದ.

"ಯಾರ್ಗೆ?"

"ಒಬ್ಬ ಹೊಸಬನಿಗೆ."

ಬುಧವಾರ ಅವನ ಮನೆಗೆ ಹೋದೆ. ಕಂಬಳಿಯ ಮೇಲೆ ಎಲ್ಲ ಸಾಮಾನು ಸಾಲಾಗಿ ಇಟ್ಟಿದ್ದ. ಕಣ್ಣು ತುಂಬುವ ಹಾಗಿತ್ತು. ಉಣ್ಣೆ ಉಣ್ಣೆಯ ಜಾಗದಲ್ಲಿ, ಕೈಗವಸು ಎರಡು ಜೊತೆ, ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ, ಉಕ್ಕಿನ ಹಲ್ಲಿಗೆ ಎಣ್ಣೆ ಸವರಿ ಇಟ್ಟದ್ದು, ಫ್ಲಾಸ್ಕು, ಕನ್ನಡಕ. ತೂಕ ಹತ್ತು ಕಿಲೋ. ಇಂಥ ಚೀಲ ಕಟ್ಟೆಗೆ ಬಂದಿದ್ದರೆ ಬೆಲೈದ ಎದ್ದು ನಿಂತು ದಾರಿ ಬಿಡುತ್ತಿದ್ದ.

ಆಗ ಇಜ್ಜಾ ಒಳಗಿನಿಂದ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚು ತಂದು ಪಕ್ಕಕ್ಕಿಟ್ಟಳು. ನಮ್ಮಲ್ಲಿ ಯಾರ ಮನೆ ಹೊಸಿಲಿಗೆ ಹೋದರೂ, ಹುಟ್ಟಿಗೆ, ಸಾವಿಗೆ, ಸುಮ್ಮನೆ ಹೋಗಿ ಕೂತು ಬರುವುದಕ್ಕೂ, ಕೈಯಲ್ಲಿ ಇದಿರಬೇಕು. ಮೊಳಕೈಯಷ್ಟು ಉದ್ದ, ಎರಡು ಕಿಲೋ ತೂಕ.

"ಇದ್ಯಾಕೆ?" ಅಂದ ಬೆಲೈದ.

"ಮೇಲಿನ ಕಲ್ಲುಮನೆ ನೋಡ್ಕೊಳ್ಳೋನು ಯಾರು? ನನ್ನ ಅಣ್ಣನ ಅಳಿಯ ಅಯಾದ್. ಬರಿಗೈ ಬೀಸ್ಕೊಂಡು ಹೋಗ್ತೀಯಾ?"

"ಇಜ್ಜಾ, ಅದು ಬೆಟ್ಟ."

"ಬೆಟ್ಟದ ಮೇಲೆ ಬಾಗಿಲಿದೆಯೋ ಇಲ್ವೋ?"

ಬಾಗಿಲಿತ್ತು. ಬೆಲೈದ ಅಚ್ಚನ್ನು ಎತ್ತಿ ಕಂಬಳಿಯ ಸಾಲಿಗೆ ಸೇರಿಸಿದ. ಹತ್ತೂ ಎರಡೂ ಹನ್ನೆರಡು, ಜವೆಗೋಧಿಗೆ ಸರಿಸಮ. ಆದರೆ ಗೋಡೆಯಾಚೆಯ ಮನೆಯವಳಿಗೆ ಸುದ್ದಿ ಮುಟ್ಟಿತ್ತು. ಅಯಾದ್‌ಗೆ ನಾಲ್ಕು ಹೆಣ್ಣಿನ ಮೇಲೆ ಗಂಡು ಹುಟ್ಟಿ ಒಂದು ತಿಂಗಳು. ಮಗುವಿನ ತಾಯಿಗೆ ಸಕ್ಕರೆ ಕೊಟ್ಟಾಗಿತ್ತು, ಅಪ್ಪನಿಗೆ ಕೊಟ್ಟಿರಲಿಲ್ಲ, ಅವನು ಹಿಮದಲ್ಲಿ ಕೂತಿದ್ದ. ಅವಳೊಂದು ಅಚ್ಚು ತಂದಳು. ಮಸೀದಿಯ ಇಮಾಮರು ಒಂದು ಕಳಿಸಿದರು. ಕಮ್ಮಾರ ತಂದದ್ದು ದೊಡ್ಡದು.

"ತೂಡಾ ಕೈಲಿ ಕಳಿಸಿ, ಅವಳು ವಾರಕ್ಕೆ ಎರಡು ಸಲ ಹೋಗ್ತಾಳೆ," ಅಂದ ಬೆಲೈದ.

"ಅವಳು ಕೆಲಸಕ್ಕೆ ಹೋಗ್ತಾಳೆ. ನೀನು ನೆಂಟನಾಗಿ ಹೋಗ್ತಿದ್ದೀಯ," ಅಂದ ಕಮ್ಮಾರ. "ನನ್ನದನ್ನ ಬೇಡ ಅನ್ತೀಯೇನು?"

ಇಪ್ಪತ್ತೊಂಬತ್ತು ವರ್ಷ ನ್ಯಾಯಾಧೀಶರಿಗೆ ಬೇಡ ಅಂದವನ ಬಾಯಿಂದ ಕಮ್ಮಾರನಿಗೆ ಬೇಡ ಅನ್ನುವ ಮಾತು ಬರಲಿಲ್ಲ. ನ್ಯಾಯಾಧೀಶರು ನಾಳೆ ಹೋಗುತ್ತಾರೆ, ಕಮ್ಮಾರ ಸಾಯುವ ತನಕ ಎದುರುಮನೆಯಲ್ಲೇ ಇರುತ್ತಾನೆ.

ನಾಲ್ಕು ಅಚ್ಚು ಅಂದರೆ ಎಂಟು ಕಿಲೋಗೂ ಮೇಲೆ. ಬೆಲೈದ ಕಂಬಳಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಒಣ ಬಟ್ಟೆಯ ಗಂಟನ್ನು ಪಕ್ಕಕ್ಕೆ ಸರಿಸಿದ. ಫ್ಲಾಸ್ಕು ಸರಿಸಿದ. ದಪ್ಪ ಕೋಟು ಎತ್ತಿ, "ಇದನ್ನ ಮೈಮೇಲೇ ಹಾಕ್ಕೊಂಡು ಹೋದ್ರೆ ಚೀಲದಲ್ಲಿ ಜಾಗ ಬೇಡ," ಅಂದ. ಎರಡನೆಯ ಜೊತೆ ಕೈಗವಸನ್ನು ಅಂಗೈಲಿಟ್ಟು ತೂಗಿದ. ಅದರ ತೂಕ ಒಂದು ಮೊಟ್ಟೆಯಷ್ಟೂ ಇಲ್ಲ. ಆದರೂ ಪಕ್ಕಕ್ಕಿಟ್ಟ. ಗಾಬರಿಯಾದವನ ಕೈ ಹಾಗೆಯೇ.

"ಬೆಲೈದ," ಅಂದೆ ನಾನು, "ಒಂದು ಜೊತೆ ಗಾಳಿಗೆ ಹೋಗುತ್ತೆ ಅಂತ ಹೇಳೋನು..."

"ಅದು ಹೊಸಬರಿಗೆ."

ಗುರುವಾರ ಬೆಳಿಗ್ಗೆ ಕಟ್ಟೆಯ ಹತ್ತಿರ ಊರೇ ಸೇರಿತ್ತು. ಅವನ ಚೀಲವನ್ನು ಹೆಡಿಗೆಗೆ ಹಾಕಿದೆವು. ಕತ್ತೆ ಒಂದು ಸಲ ಮೈ ಕೊಡವಿತು. ಹೆಡಿಗೆಗಳು ಅತ್ತ ಇತ್ತ ತೂಗಿ ಸಮಕ್ಕೆ ನಿಂತವು. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಹೆಂಗಸರು ನಾಲಿಗೆ ಆಡಿಸಿ ಖುಷಿಯ ಕೂಗು ಹಾಕಿದರು. "ಗುರು ಅಂದ್ರೆ ಗುರು," ಅಂದ ಕಮ್ಮಾರ.

ತೂಡಾ ಮಾತ್ರ ಚೀಲದ ಆಕಾರ ನೋಡುತ್ತಿದ್ದಳು. ಉಣ್ಣೆ ತುಂಬಿದ ಚೀಲ ದುಂಡಗಿರುತ್ತದೆ. ಇದಕ್ಕೆ ಮೂಲೆಗಳಿದ್ದವು.

"ಮಾವ, ಒಂದ್ಸಲ ದಾರ ಬಿಚ್ಚಲಾ?"

"ಯಾತಕ್ಕೆ?"

"ಎಲ್ಲರ್ದೂ ಬಿಚ್ತೀವಲ್ಲ."

ಬೆಲೈದನ ಮುಖ ಕೆಂಪಾಯಿತು. "ನನ್ನ ಚೀಲ ಬಿಚ್ತೀಯಾ? ಈ ಗಂಟನ್ನ ಹೇಗೆ ಕಟ್ಟೋದು ಅಂತ ನಿನಗೆ ಕಲಿಸಿದೋನು ಯಾರು? ನಿನ್ನ ಅಮ್ಮನ್ನ ಕೇಳು."

ಅವನ ಕಟ್ಟೆಗೆ ಬಂದು ಇದೇ ಮಾತಾಡಿದವರು ನೂರಾರು ಮಂದಿ. ಅವರಿಗೆ ಅವನು ಕೊಡುತ್ತಿದ್ದ ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತೂಡಾ ಆ ಉತ್ತರ ಕೊಡಲಿಲ್ಲ. ಸೋದರಮಾವನ ಚೀಲವನ್ನು ಊರಿನ ಎದುರು ಬಿಚ್ಚುವುದಕ್ಕೆ ನಲವತ್ತು ಶಿಖರ ಸಾಲದು. "ಆಯ್ತು ಮಾವ," ಅಂದು ಕೋಲು ತೆಗೆದುಕೊಂಡಳು.

ಹಿಮದ ಗೆರೆಯವರೆಗೆ ನಾನಿದ್ದೆ. ಅಲ್ಲಿ ಚೀಲ ಅವನ ಬೆನ್ನಿಗೇರಿಸಿದೆ. ಅವನ ಮೈಮೇಲೆ ಆಗಲೇ ಮೂರೂ ಪದರ, ಮೇಲೆ ದಪ್ಪ ಕೋಟು. ನಿಂತಲ್ಲೇ ಹಣೆಯಲ್ಲಿ ಬೆವರು. "ಚಳಿ ಆಗ್ತಿದ್ಯಾ?" ಅಂತ ಕೇಳಿದೆ. "ಸ್ವಲ್ಪವೂ ಇಲ್ಲ," ಅಂದ, ಹೆಮ್ಮೆಯಿಂದ.

ಮುಂದಿನದು ನಾನು ಕಂಡದ್ದಲ್ಲ. ತೂಡಾ ಹೇಳಿದಳು, ಅಯಾದ್ ಹೇಳಿದ, ಕೊನೆಗೆ ಬೆಲೈದನೂ ಹೇಳಿದ. ಮೂವರದೂ ಒಂದೇ ಮಾತಾದ್ದರಿಂದ ನಂಬಿದೆ.

ಮೊದಲ ಏರಿನಲ್ಲೇ ಬೆವರು ಅಂಗಿ ದಾಟಿ ಕೋಟಿಗೆ ಬಂತು. ತೂಡಾ ಕೋಟು ತೆಗೆ ಅಂದಳು. ತೆಗೆದರೆ ಇಡುವುದೆಲ್ಲಿ, ಚೀಲದ ತುಂಬ ಸಕ್ಕರೆ. ಬಾಯಾರಿತು, ಬಾಟಲಿಯ ಬಾಯಿ ಹೆಪ್ಪುಗಟ್ಟಿತ್ತು, ಅವಸರದಲ್ಲಿ ನೆಟ್ಟಗೆ ಇಟ್ಟಿದ್ದ. ಮುಚ್ಚಳ ಬಿಡಿಸಲು ಬಲಗೈ ಗವಸು ಕಳಚಿ ಕಂಕುಳಲ್ಲಿ ಇಟ್ಟುಕೊಂಡ. ಗಾಳಿ ಬೀಸಿತು. ಗವಸು ಹಿಮದ ಮೇಲೆ ಮೊಲದ ಹಾಗೆ ನಾಲ್ಕು ನೆಗೆತ ನೆಗೆದು ಕಣಿವೆಗೆ ಇಳಿಯಿತು. ಬೆಲೈದ ಅದು ಹೋದ ದಾರಿಯನ್ನೇ ನೋಡುತ್ತ ನಿಂತನಂತೆ.

"ಎರಡನೇ ಜೊತೆ ಎಲ್ಲಿ ಮಾವ?"

"ತಳದಲ್ಲಿದೆ," ಅಂದ ಬೆಲೈದ. ಅದು ನಿಜವೇ. ಬೆಟ್ಟದ ತಳದಲ್ಲಿ, ಕಂಬಳಿಯ ಮೇಲೆ.

ಬಲಗೈಯನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡು ನಡೆದ. ಮಧ್ಯಾಹ್ನ ಕಳೆದ ಮೇಲೆ ಕಲ್ಲುಮನೆ ಮುಟ್ಟಿದರು. ಅಯಾದ್ ಬಾಗಿಲಲ್ಲಿ ತಬ್ಬಿಕೊಂಡ. ಬೆಲೈದ ಕೂರಲಿಲ್ಲ, ಉಸಿರೆಳೆದುಕೊಳ್ಳಲಿಲ್ಲ, ಚೀಲ ಬಿಚ್ಚಿ ನೀಲಿ ಕಾಗದದ ನಾಲ್ಕು ಅಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. "ಇದು ಇಜ್ಜಾದು, ಇದು ಇಮಾಮರದು..."

ಅಯಾದ್ ನಾಲ್ಕನ್ನೂ ನೋಡಿದ. ಕಪಾಟಿನ ಬಾಗಿಲು ತೆರೆದ. ಅಲ್ಲಿ ಮೇಲಿಂದ ಕೆಳಗಿನವರೆಗೆ ಸಕ್ಕರೆ ಅಚ್ಚುಗಳು. ಚಳಿಗಾಲಕ್ಕೆ ಮೊದಲು ಕತ್ತೆಯ ಮೇಲೆ ಬಂದದ್ದು, ಅರವತ್ತು. "ದೇವರು ನಿಮ್ಮ ಕೈ ತುಂಬಲಿ ಮಾವಯ್ಯ," ಅಂದು, ಹೊಸ ನಾಲ್ಕನ್ನು ಮುಂದೆ ಜಾಗ ಮಾಡಿ ಇಟ್ಟ. ಮರ್ಯಾದಸ್ಥ.

ಚೀಲದಲ್ಲಿ ಉಳಿದದ್ದು ಕನ್ನಡಕ, ಉಕ್ಕಿನ ಹಲ್ಲು, ಕಾಲುಚೀಲ, ಒಂದು ಹಿಡಿ ಬಾದಾಮಿ. ಒದ್ದೆ ಅಂಗಿಯನ್ನು ಒಲೆಯ ಹತ್ತಿರ ನೇತುಹಾಕಿ, ಬೆಲೈದ ಕಲ್ಲುಮನೆಯ ಕಂಬಳಿ ಸುತ್ತಿಕೊಂಡು ಕೂತ. ಆ ಕಂಬಳಿಗಳಿಗೆ ಒದ್ದೆ ಆಡಿನ ವಾಸನೆ ಅಂತ ಅವನೇ ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದ. ಸೌದೆ ಕಡಿಮೆ, ಒಲೆ ಬೇಗ ಆರಿತು. ಬೆಳಗಿನ ಜಾವ ಎದ್ದರೆ ಅಂಗಿಯ ತೋಳು ಬಾಗಲಿಲ್ಲ.

ಹೊರಗೆ ಆಕಾಶ ಗಾಜಿನ ಹಾಗೆ. ಅಂಥ ದಿನ ಚಳಿಗಾಲಕ್ಕೆ ಐದಾರು ಸಿಕ್ಕರೆ ಹೆಚ್ಚು. ಶಿಖರ ಎದುರಿಗೇ ಇತ್ತು, ನಾಲ್ಕು ಗಂಟೆಯ ಏರು. ತೂಡಾ ಮೇಜಿನ ಮೇಲೆ ಬರಿದಾದ ಚೀಲವನ್ನು ನೋಡಿದಳು. ಬೈಯುವುದಕ್ಕೆ ಅವಳಿಗೆ ಬೇಕಾದಷ್ಟಿತ್ತು. ಆದರೆ ಫೆಬ್ರವರಿಯಲ್ಲಿ ಉಳಿದದ್ದು ಎರಡೇ ದಿನ.

"ಅಯಾದ್ ಅಣ್ಣ, ಮಾವಂಗೆ ನಿನ್ನ ಅಂಗಿ ಕೊಡು. ಕೈಗವಸೂ ಕೊಡು," ಅಂದಳು.

ಅಯಾದ್ ಆಗಲೇ ಬಿಚ್ಚುತ್ತಿದ್ದ. "ತಗೊಳ್ಳಿ ಮಾವಯ್ಯ. ಸಂಜೆ ಕೊಟ್ರಾಯ್ತು."

"ನೀನು?"

"ನಾನು ಒಳಗೇ ಇರ್ತೀನಲ್ಲ."

"ಚಾವಣಿ ಮೇಲೆ ಮೊಳದಷ್ಟು ಹಿಮ ಕೂತಿದೆ. ಬಾಚಲ್ವಾ?"

"ಹೇಗೋ ಆಗುತ್ತೆ ಬಿಡಿ."

ಬೆಲೈದ ಗವಸನ್ನು ಕೈಲಿ ಹಿಡಿದಿದ್ದ. ಒಳ್ಳೆಯ ಗವಸು, ಒಳಗೆ ಕುರಿಯ ಉಣ್ಣೆ. ಬೆರಳು ತೂರಿಸಿ ನೋಡಿದ. ಆಮೇಲೆ ತೆಗೆದು ಮೇಜಿನ ಮೇಲಿಟ್ಟ.

"ಮೇಲೆ ಯಾರಾದ್ರೂ ಕೊಡ್ತಾರೆ, ಹೇಗೋ ಆಗುತ್ತೆ ಅನ್ನೋರನ್ನ ನಾನು ಏನು ಮಾಡ್ತೀನಿ ತೂಡಾ?"

ತೂಡಾ ಗವಸನ್ನು ಮತ್ತೆ ಅವನ ಕಡೆ ತಳ್ಳಿದಳು.

"ಹೇಳು."

"ವಾಪಸ್ ಕಳಿಸ್ತೀಯ."

"ಮತ್ತೆ?"

"ಮಾವ, ಇದು ಬೇರೆ. ಕಟ್ಟೆ ಹೋಗುತ್ತೆ. ಬೇಡ, ಹಟ ಮಾಡ್ಬೇಡ. ನನಗೆ ಆ ಕಟ್ಟೆ ಬೇಕಾಗೂ ಇಲ್ಲ."

"ಚೀಲ ನೋಡು," ಅಂದ ಬೆಲೈದ. "ನನ್ನ ಮುಖ ನೋಡ್ಬೇಡ, ಚೀಲ ನೋಡು. ಇದು ಹೋಗೋ ಚೀಲಾನಾ?"

ಅವಳು ನೋಡಿದಳು. ಕಣ್ಣೊರೆಸಿಕೊಂಡು, "ಅಲ್ಲ," ಅಂದಳು.

"ಸರಿ. ಚಹಾ ಕುಡಿದು ಇಳಿಯೋಣ. ಸಕ್ಕರೆಗೇನು ಬರ ಇಲ್ಲ."

ಇಳಿದು ಬಂದ ಮರುದಿನ ಸಂಘದ ಹೊಸ ಕಟ್ಟಡದಲ್ಲಿ ಸಭೆ. ಹಾಜಿ ಬುಜಮಾ ಮೇಜಿನ ಮೇಲೆ ಕಾಗದ ಹಾಸಿ, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಬೆಲೈದ ಶಿಖರದ ಕಡೆ ಹೋದದ್ದನ್ನು ಊರೆಲ್ಲ ಕಂಡಿತ್ತು. ಎಲ್ಲಿಯವರೆಗೆ ಹೋದ ಅನ್ನುವುದು ಮೂವರಿಗೆ ಗೊತ್ತು. ಅವರಲ್ಲಿ ಒಬ್ಬ ಬೆಟ್ಟದ ಮೇಲೇ ಇದ್ದ, ಇನ್ನೊಬ್ಬಳು ರುಜು ಹಾಕಬೇಕಾದವಳು.

"ಹೋಗಿ ಬಂದೆಯಲ್ಲ, ಮಬ್ರೂಕ್!" ಅಂತ ಶುಭ ಕೋರಿದರು ಹಾಜಿ. "ತೂಡಾ, ಇಲ್ಲಿ ರುಜು ಹಾಕಮ್ಮ. ಮುಗೀತು."

ತೂಡಾ ಪೆನ್ನು ತೆಗೆದುಕೊಂಡಳು. ಅವಳ ಕೈ ಕಾಗದದ ಮೇಲೆ ಬಂದೂ ಆಗಿತ್ತು. ಸೋದರಮಾವನಿಗಾಗಿ ಅವಳು ಸುಳ್ಳು ಬರೆಯಲು ತಯಾರಿದ್ದಳು. ನನ್ನನ್ನು ಕೇಳಿದ್ದರೆ ನಾನೂ ಹೆಬ್ಬೆಟ್ಟು ಒತ್ತುತ್ತಿದ್ದೆ.

"ಪೆನ್ನು ಕೆಳಗಿಡು," ಅಂದ ಬೆಲೈದ. "ಹಾಜಿಗಳೇ, ನಾನು ಕಲ್ಲುಮನೆವರೆಗೆ ಹೋದೆ. ಅಲ್ಲಿ ಚೀಲದ ಪರೀಕ್ಷೆ ಆಯ್ತು. ವಾಪಸ್ ಕಳಿಸಿದ್ರು."

"ಮೇಲೆ ಯಾರಪ್ಪ ಪರೀಕ್ಷೆ ಮಾಡೋರು?"

"ನಾನೇ."

ಹಾಜಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಪೆನ್ನಿನ ಮುಚ್ಚಳ ಹುಡುಕತೊಡಗಿದರು. "ಬೆಲೈದ, ಕಣಿವೆಯಲ್ಲಿ ನಿನ್ನಷ್ಟು ಚೀಲ ಬಲ್ಲೋನು ಇನ್ನೊಬ್ಬ ಇಲ್ಲ. ಅದು ಎಲ್ಲರಿಗೂ ಗೊತ್ತು. ಆದ್ರೆ ನಿಯಮ ಗೋಡೆ ಮೇಲಿದೆ."

"ಇರ್ಲಿ ಬಿಡಿ. ಗೋಡೆಗೂ ಏನಾದ್ರೂ ಬೇಕಲ್ಲ."

ಹೀಗೆ, ತನ್ನ ನಿಯಮ ಮುರಿದಿದ್ದರೆ ಕಟ್ಟೆ ಉಳಿಸಿಕೊಳ್ಳಬಹುದಾಗಿದ್ದವನು, ತನ್ನ ನಿಯಮ ಪಾಲಿಸಿ ಕಟ್ಟೆ ಕಳೆದುಕೊಂಡ. ಮಾರ್ಚ್ ಒಂದರಿಂದ ತೂಡಾ ಕೂತಳು. ಎದೆಗೆ ಸಂಘದ ಬಿಲ್ಲೆ, ಕೈಲಿ ಅಚ್ಚು ಹಾಕಿಸಿದ ಪಟ್ಟಿ.

ಆದರೆ ತಕ್ಕಡಿಯ ಹಗ್ಗಕ್ಕೆ ಎರಡು ಕೈ ಬೇಕು. ಒಂದು ನನ್ನದು. ಇನ್ನೊಂದಕ್ಕೆ ಯಾವ ನಿಯಮವೂ ಇರಲಿಲ್ಲ. ಕತ್ತೆಯ ಆಚೆ ಪಕ್ಕ ನಿಲ್ಲುವವನು ಶಿಖರ ಹತ್ತಿರಬೇಕೆಂದು ಬರೆಯಲು ಸಂಘದವರಿಗೆ ಹೊಳೆದಿರಲಿಲ್ಲ. ಬೆಲೈದ ಅಲ್ಲಿ ಬಂದು ನಿಂತ. ಬಾಯಿ ಬಿಡುವುದಿಲ್ಲ ಅಂತ ಇಜ್ಜಾಗೆ ಮಾತು ಕೊಟ್ಟಿದ್ದನಂತೆ.

ಮೊದಲ ದಿನ ಬಂದವರು ರಬಾತ್‌ನ ಮೂವರು ಬ್ಯಾಂಕಿನವರು. ತೂಡಾ ಪಟ್ಟಿ ನೋಡಿಕೊಂಡು ಒಂದೊಂದೇ ಕೇಳಿದಳು. ಎರಡನೆಯವನು, "ಉಕ್ಕಿನ ಹಲ್ಲು ಇದೆ, ಹೊಸದು, ಡಬ್ಬಿಯಲ್ಲೇ ಇದೆ," ಅಂದ. ಅವಳು ಗುರುತು ಹಾಕಿ ಮೂರನೆಯವನ ಕಡೆ ತಿರುಗಿದಳು.

ಬೆಲೈದ ಕೆಮ್ಮಿದ.

"ಏನು ಮಾವ?"

"ಏನಿಲ್ಲ. ಗಂಟಲು."

ತೂಡಾ ಅವನ ಮುಖ ನೋಡಿದಳು, ಡಬ್ಬಿ ನೋಡಿದಳು. "ಡಬ್ಬಿ ತೆಗೀರಿ ಸಾರ್. ಬೂಟಿಗೆ ಕಟ್ಟಿ, ಇಲ್ಲೇ." ಕಟ್ಟಲು ಹೋದರೆ ಅದು ಅವನ ಬೂಟಿಗಿಂತ ಎರಡು ಬೆರಳು ಗಿಡ್ಡ.

ಅಂದಿನಿಂದ ಇಗ್ರಮಾನಿನ ಕಟ್ಟೆಯಲ್ಲಿ ಪಟ್ಟಿ ಸಂಘದ್ದು, ಕೆಮ್ಮು ಬೆಲೈದನದು. ಜೀನ್ಸಿಗೆ ಒಂದು ಕೆಮ್ಮು. ಒಂದೇ ಜೊತೆ ಗವಸಿಗೆ ಎರಡು. ಹೊಸ ಬೂಟಿಗೆ ಅವನು ಕೆಮ್ಮುವ ರೀತಿ ಕೇಳಿದರೆ ಕ್ಷಯ ಇರಬೇಕು ಅನ್ನಿಸುತ್ತಿತ್ತು. ತೂಡಾ ಮೊದಮೊದಲು ಸಿಟ್ಟಾದಳು, ಆಮೇಲೆ ಕಿವಿ ಅತ್ತ ಇಟ್ಟುಕೊಂಡೇ ಕೂರತೊಡಗಿದಳು. ಹಾಜಿ ಬುಜಮಾ ಒಂದು ದಿನ ಬಂದು ನಿಂತು ಎಲ್ಲ ಕೇಳಿಸಿಕೊಂಡು, "ಹುಡುಗಿ ಚೆನ್ನಾಗಿ ಕೆಲಸ ಮಾಡ್ತಾಳೆ," ಅಂತ ಹೇಳಿ ಹೋದರು.

ಹೋದ ಚಳಿಗಾಲ ಅಗಾದಿರ್‌ನಿಂದ ಒಬ್ಬ ಔಷಧಿ ಅಂಗಡಿಯವಳು ಬಂದಳು, ಇನ್ನೂ ಐದು ಜನ ಹೊಸಬರ ಜೊತೆ. ಅವಳಿಗೆ ಬೆಲೈದನ ಮೇಲೆ ಕನಿಕರ ಹುಟ್ಟಿತು. "ಪಾಪ, ಈ ಅಜ್ಜನಿಗೆ ಯಾರೂ ಔಷಧಿ ಕೊಡ್ಸಿಲ್ವಾ?" ಅಂತ ಪುದೀನದ ಮಾತ್ರೆಯೊಂದನ್ನು ಅವನ ಬಾಯಿಗೇ ಹಾಕಿದಳು. ಅತಿಥಿ ಕೊಟ್ಟದ್ದನ್ನು ಉಗುಳುವಂತಿಲ್ಲ. ಬೆಲೈದ ಕೆನ್ನೆಯಲ್ಲಿಟ್ಟುಕೊಂಡು ಚೀಪುತ್ತ ನಿಂತ. ಮಾತಂತೂ ಇರಲಿಲ್ಲ, ಈಗ ಕೆಮ್ಮೂ ನಿಂತಿತು.

ಒಂದು ಚೀಲ ಆಯಿತು, ಸದ್ದಿಲ್ಲ. ಎರಡನೆಯದು ಆಯಿತು, ಸದ್ದಿಲ್ಲ. ಮೂರನೆಯ ಚೀಲದ ಹೊತ್ತಿಗೆ ತೂಡಾ ಪಟ್ಟಿಯ ಒಂದೇ ಸಾಲನ್ನು ಎರಡೆರಡು ಸಲ ಓದುತ್ತಿದ್ದಳು. ಪಟ್ಟಿಯನ್ನು ಕಟ್ಟೆಯ ಮೇಲಿಟ್ಟು ಎದ್ದಳು.

"ಮಾವ, ಇವರೆಲ್ಲ ನಿಂತಿರ್ಲಿ. ಮೊದ್ಲು ಅದನ್ನ ನುಂಗು."